ಎಳನೀರಿನವರೆಗೆ ಹಸಿರು

ಪುಣೆ
೪ ಸೆಪ್ಟೆಂಬರ್ ೨೦೨೪

ಪ್ರೀತಿಯ ಅಂಬಿಕಕ್ಕ,

ಕಾಗದ ಬರೆಯುತ್ತಿರುವುದಕ್ಕೇ ಮೊದಲು ಕ್ಷಮೆ ಇರಲಿ. ನಿನ್ನ ಎರಡನೇ ಪಾಪು ಹುಟ್ಟಿದಾಗ ನೋಡಲು ಬರಲಿಲ್ಲ, ಒಂದು ಫೋನೂ ಮಾಡಲಿಲ್ಲ. ಈಗ ನನಗೆ ಕೆಲಸ ಬಿದ್ದಿದೆ ಅಂತ ನೆನಪಾದೆ ನೀನು. ಬರೆದು ಬರೆದು ಹರಿದು ಹಾಕಿದೆ. ನನ್ನ ಕನ್ನಡದ ಮೇಲೆ ನನಗೇ ನಂಬಿಕೆ ಇಲ್ಲ. ಐದನೇ ಕ್ಲಾಸಿಗೇ ತುಮಕೂರಿನ ಹಾಸ್ಟೆಲಿಗೆ ಹಾಕಿದರಲ್ಲ, ಅಲ್ಲಿ ಕನ್ನಡ ಆಡಿದರೆ ವರಾಂಡದಲ್ಲಿ ನಿಲ್ಲಿಸುತ್ತಿದ್ದರು. ಆಗ ನನಗೆ ಸಿಗುತ್ತಿದ್ದ ಕನ್ನಡವೆಂದರೆ ನಮ್ಮ ಸಂಪಿಗೆ ಊರಿನಿಂದ ಬರುತ್ತಿದ್ದ ನಿನ್ನ ಕಾಗದ ಮಾತ್ರ. ಆದ್ದರಿಂದ ತಪ್ಪಿದ್ದರೆ ಅದರಲ್ಲಿ ನಿನ್ನ ಪಾಲೂ ಇದೆ.

ಫೋನ್ ಯಾಕೆ ಮಾಡಲಿಲ್ಲ ಅಂದರೆ, ನಿಮ್ಮ ಮನೆಯ ಫೋನ್ ಜ್ಞಾನೇಶ್ ಭಾವನ ಜೇಬಿನಲ್ಲಿರುತ್ತೆ, ಇಲ್ಲವೇ ನಿನ್ನ ಅತ್ತೆಯ ಕೈಯಲ್ಲಿ. ವಿಷಯ ಅವರ ಮುಂದೆ ಆಡುವಂಥದ್ದಲ್ಲ. ನೀನು ಮಧ್ಯಾಹ್ನ ಮಠದ ಬೀದಿಯ ಶಿವರುದ್ರಮ್ಮನ ಹತ್ತಿರ ಬ್ಲೌಸ್ ಹೊಲಿಯಲು ಹೋಗುತ್ತೀಯ ಅಂತ ದೊಡ್ಡಮ್ಮ ನಮ್ಮಮ್ಮನಿಗೆ ಹೇಳಿದ್ದರಂತೆ. ಅದಕ್ಕೇ ಅವರ ವಿಳಾಸ.

ಡಿಸೈನ್ ಕಾಲೇಜಿನಲ್ಲಿ ಮೊದಲ ಅಸೈನ್‌ಮೆಂಟ್ ಕೊಟ್ಟಿದ್ದಾರೆ. ಯಾವುದಾದರೂ ಒಂದು ಕಾನೂನನ್ನು, ಅದನ್ನು ಎಂದೂ ಓದದವರಿಗೆ ಒಂದೇ ಹಾಳೆಯಲ್ಲಿ ಅರ್ಥ ಮಾಡಿಸಬೇಕು. ಅಕ್ಷರ ಇರಬಾರದು, ಅಂಕಿ ಇರಬಾರದು, ಬರೀ ಚಿತ್ರ. ಉಳಿದವರೆಲ್ಲ ಹೆಲ್ಮೆಟ್ಟು, ಕಸ ಅಂತ ಆರಿಸಿಕೊಂಡರು. ನನ್ನ ಸರದಿ ಬಂದಾಗ ಹೆದರಿಕೆಯಲ್ಲಿ ಗರ್ಭಪಾತದ ಕಾನೂನು ಅಂದುಬಿಟ್ಟೆ. ಬೇಡವಾದ ಬಸಿರನ್ನು ತೆಗೆಸಲು ಹೆಂಗಸಿಗೆ ಕಾನೂನು ಎಲ್ಲಿಯವರೆಗೆ ಬಿಡುತ್ತೆ, ಯಾರ ಒಪ್ಪಿಗೆ ಬೇಕು, ಇಷ್ಟು. ಮೇಡಂ 'ಬ್ರೇವ್' ಅಂದರು. ಈಗ ವಾಪಸ್ ಹೋಗುವ ಹಾಗಿಲ್ಲ.

ಹಾಳೆ ಇದರ ಜೊತೆ ಇಟ್ಟಿದ್ದೇನೆ. ನಮ್ಮ ಕಡೆ ತೆಂಗು ಗೊತ್ತಿಲ್ಲದ ಹೆಂಗಸಿಲ್ಲವಲ್ಲ, ಅದಕ್ಕೇ ಹೊಟ್ಟೆಯ ಗೆರೆಯೊಳಗೆ ಒಂದೊಂದು ಹಂತದ ತೆಂಗು ಬರೆದಿದ್ದೇನೆ: ಹೊಂಬಾಳೆ, ಹರಳು, ಎಳನೀರು, ಬಲಿತ ಕಾಯಿ, ಕೊಬ್ಬರಿ. ಕೆಳಗೆ ಬಣ್ಣದ ಪಟ್ಟಿ, ಸಿಗ್ನಲ್ ದೀಪದ ಹಾಗೆ. ಮೂಲೆಯಲ್ಲಿ ಬಳೆ ತೊಟ್ಟ ಕೈ, ಒಂದೇ ಹೆಬ್ಬೆಟ್ಟಿನ ಗುರುತು.

ಶಿವರುದ್ರಮ್ಮನ ಅಂಗಡಿಗೆ ಬರುವವರಿಗೆ ತೋರಿಸಿ, ಅವರು ಏನಂದರು ಅಂತ ಇದ್ದದ್ದು ಇದ್ದ ಹಾಗೆ ಬರೆಯುತ್ತೀಯಾ? ಯಾವುದಕ್ಕೆ ಏನರ್ಥ ಅಂತ ನಾನು ನಿನಗೂ ಹೇಳುವ ಹಾಗಿಲ್ಲ. ಹೇಳಿದರೆ ಟೆಸ್ಟ್ ಕೆಟ್ಟಂತೆ. ಚಿತ್ರವೇ ಮಾತಾಡಬೇಕು ಅಂತ ಮೇಡಂ ಹೇಳಿದ್ದಾರೆ.

ನಿನ್ನ
ನಿಸರ್ಗ


ಹಾಲ್ಕುರಿಕೆ
೧೯ ಸೆಪ್ಟೆಂಬರ್ ೨೦೨೪

ಪ್ರೀತಿಯ ನಿಸರ್ಗ,

ನಿನ್ನ ಕನ್ನಡ ಚೆನ್ನಾಗಿದೆ. ಅಲ್ಲಲ್ಲಿ ಬೂಟು ಹಾಕಿಕೊಂಡು ನಡೆಯುತ್ತೆ, ಅಷ್ಟೇ. ಕ್ಷಮೆ ಎಲ್ಲ ಕೇಳಬೇಡ. ಕೆಲಸ ಬಿದ್ದಾಗಲಾದರೂ ನೆನಪಾದೆನಲ್ಲ.

ಶಿವರುದ್ರಮ್ಮ ಕವರು ಕೊಡುವಾಗಲೇ 'ಯಾವನೇ ಅವನು ಕಾಗದ ಹಾಕೋನು, ಈ ಕಾಲದಾಗೆ' ಅಂತ ಶುರು ಮಾಡಿದಳು. ಹಾಳೆ ಬಿಚ್ಚಿದ ಮೇಲೆ ಸಪ್ಪಗಾದಳು. ಮಿಷಿನ್ ನಿಲ್ಲಿಸಿ ಕನ್ನಡಕ ಏರಿಸಿ, 'ತೋಟಗಾರಿಕೆಯೋರು ಕೊಟ್ಟಿದ್ದೇನೇ? ನುಸಿ ರೋಗಕ್ಕೆ ಔಷಧೀದಾ?' ಅಂದಳು. ಪಕ್ಕದ ಮನೆ ಲಕ್ಷ್ಮಿದೇವಮ್ಮ ಕುಪ್ಪಸಕ್ಕೆ ಅಳತೆ ಕೊಡುತ್ತಾ ನಿಂತಿದ್ದಳು. 'ನುಸಿಗಾದ್ರೆ ಬಳೆ ಕೈ ಯಾಕೆ ಬರೀತಾರೆ?' ಅಂದಳು. ಅದಕ್ಕೆ ಶಿವರುದ್ರಮ್ಮ, 'ಮರ ಹತ್ತೋನು ಬಳೆ ತೊಟ್ಕೊಂಡವ್ನೆ ಬುಡು. ನಿನ್ನ ಗಂಡಂಗೂ ತೊಡ್ಸು, ಒಂದಿನಾರ ಮರ ಹತ್ಲಿ.' ಹೀಗೇ ನಡೆಯಿತು. ನಾನು ಬಾಯಿ ಬಿಡಲಿಲ್ಲ, ನೀನು ಬೇಡ ಅಂದಿದ್ದೆಯಲ್ಲ.

ಕೊನೆಗೆ ಲಕ್ಷ್ಮಿದೇವಮ್ಮನಿಗೇ ಹೊಟ್ಟೆಯ ಗೆರೆ ಕಂಡಿತು. 'ಅಯ್ಯೋ, ಇದು ಬಸ್ರಿ ಕಣ್ರೇ! ಹೊಂಬಾಳೆ ಅಂದ್ರೆ ನಿಂತಿದ್ದು. ಎಳ್ನೀರ್ ತಂಕ ಹಸುರು ಹಾಕವ್ರೆ ನೋಡಿ. ಅಲ್ಲಿಗಂಟ ಬ್ಯಾಡ ಅನ್ನಬೋದು ಅಂತ.' ಶಿವರುದ್ರಮ್ಮ ಬಾಯಿ ಮೇಲೆ ಕೈ ಇಟ್ಟುಕೊಂಡಳು. 'ಅಷ್ಟ್ ದಿನ ಬುಡ್ತಾರಾ ಗೌರ್ಮೆಂಟ್ನೋರು? ವಾಸಿ ಕಣ್ರೇ.' ಆಮೇಲೆ ಇಬ್ಬರೂ ಹಾಳೆ ಮುಂದಿಟ್ಟುಕೊಂಡು ತಮ್ಮ ಕಾಲದ ಕತೆ ಹೇಳಿಕೊಂಡರು. ಅದನ್ನೆಲ್ಲ ಬರೆಯುವುದಿಲ್ಲ, ಅದು ನಿನ್ನ ಟೆಸ್ಟಿಗೆ ಸೇರಿದ್ದಲ್ಲ.

ಅಂತೂ ನಿನ್ನ ಚಿತ್ರ ಪಾಸು. ಓದು ಬಾರದವರಿಗೂ ಅರ್ಥವಾಯಿತು.

ಕೆಂಕೆರೆಯಿಂದ ಇಲ್ಲಿಗೆ ಬಂದ ಸೊಸೆಯೊಬ್ಬಳಿದ್ದಾಳೆ, ಹೊಲಿಗೆಗೆ ಬರುತ್ತಾಳೆ. ಅವಳು ಹಾಳೆಯನ್ನು ಬಹಳ ಹೊತ್ತು ನೋಡಿದಳು. ಹೆಬ್ಬೆಟ್ಟು ಒಂದೇ ಇದೆಯಲ್ಲ, ಗಂಡನದು ನಿಜವಾಗಲೂ ಬೇಡವಾ ಅಂತ ಕೇಳಿದಳು. ಡಾಕ್ಟರು ಮನೆಯವರಿಗೆ ಹೇಳುವುದಿಲ್ಲವಾ ಅಂತಲೂ ಕೇಳಿದಳು. ಎಳನೀರಿಗೆ ಇನ್ನೂ ಬೇಕಾದಷ್ಟು ಟೈಮಿದೆ ಅಂತ ಅವಳ ಮುಖಕ್ಕೆ ಸ್ವಲ್ಪ ಕಳೆ ಬಂತು. ಅವಳಿಗೆ ಏನು ಹೇಳಲಿ, ಬರಿ. ಹಾಳೆ ವಾಪಸ್ ಕಳಿಸುತ್ತಿಲ್ಲ, ಅವಳು ಇಟ್ಟುಕೊಂಡಿದ್ದಾಳೆ.

ಊಟ ಸರಿಯಾಗಿ ಮಾಡು. ಅಲ್ಲಿ ಅನ್ನ ಸಿಗುತ್ತಾ, ಬರೀ ಚಪಾತಿನಾ?

ಅಂಬಿಕಾ


ಪುಣೆ
೩೦ ಸೆಪ್ಟೆಂಬರ್ ೨೦೨೪

ಅಂಬಿಕಕ್ಕಾ,

ನೀನು ಗ್ರೇಟ್! ಜ್ಯೂರಿ ಅಂದರೆ ಹೊರಗಿನವರ ಮುಂದೆ ನಮ್ಮ ಕೆಲಸ ತೋರಿಸುವ ದಿನ, ಅದರ ಹಿಂದಿನ ದಿನವೇ ನಿನ್ನ ಕಾಗದ ಬಂತು. ಇಲ್ಲಿ ಎಲ್ಲರೂ ದೊಡ್ಡ ಸಿಟಿಯವರು, ಇಂಗ್ಲಿಷಿನಲ್ಲಿ ಸುಮ್ಮನೆ ಹರಿಯುತ್ತಾರೆ. ನನ್ನ ಇಂಗ್ಲಿಷ್ ಹಾಸ್ಟೆಲಿನದು, ಗ್ರಾಮರ್ ಸರಿ ಇರುತ್ತೆ, ವೇಗ ಇರುವುದಿಲ್ಲ. ಆದರೆ ಲಕ್ಷ್ಮಿದೇವಮ್ಮನ ಮಾತು ಓದಿ ಅನುವಾದ ಮಾಡಿ ಹೇಳಿದಾಗ ಹಾಲ್ ಪೂರ್ತಿ ನನ್ನ ಕಡೆ ತಿರುಗಿತು. 'ಅಷ್ಟ್ ದಿನ ಬುಡ್ತಾರಾ' ಅನ್ನುವುದನ್ನು ಒಂದು ಸ್ಲೈಡಿನಲ್ಲಿ ದೊಡ್ಡದಾಗಿ ಹಾಕಿದ್ದೆ. ನಕ್ಕರು, ಕ್ಯೂಟ್ ಅಂದರು. ಊರಿನ ಚಿತ್ರ, ಊರಿನ ಹೆಂಗಸರು, ಇದಕ್ಕಿಂತ ಇನ್ನೇನು ಬೇಕು ಅಂದರು ಮೇಡಂ.

ಜ್ಯೂರಿಗೆ ಒಂದು ಮಹಿಳಾ ಸಂಸ್ಥೆಯವರು ಬಂದಿದ್ದರು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಮೂರು ತಾಲೂಕಿಗೂ ಇದನ್ನು ಪ್ರಿಂಟ್ ಮಾಡಿ ಹಂಚುತ್ತೇವೆ ಅಂದಿದ್ದಾರೆ! ಅಮ್ಮನಿಗೆ ಇನ್ನೂ ಹೇಳಿಲ್ಲ. ಯಾವ ಕಾನೂನು ಅಂತ ಹೇಗೆ ಹೇಳಲಿ?

ಕೆಂಕೆರೆಯವಳಿಗೆ ಹೇಳು: ಗಂಡನ ಸಹಿ ಬೇಡವೇ ಬೇಡ. ಹದಿನೆಂಟು ತುಂಬಿದ ಹೆಂಗಸಿಗೆ ಅವಳೊಬ್ಬಳ ಒಪ್ಪಿಗೆ ಸಾಕು. ಡಾಕ್ಟರು ಅವಳ ಹೆಸರು ಹೊರಗೆ ಬಿಡುವ ಹಾಗಿಲ್ಲ, ಬಿಟ್ಟರೆ ಅದೇ ತಪ್ಪು. ಮಾನ್ಯತೆ ಇರುವ ಆಸ್ಪತ್ರೆಗೇ ಹೋಗಬೇಕು, ನಾಟಿ ಔಷಧಿ ಬೇಡ. ನೋಡಿದೆಯಾ, ಹೆಬ್ಬೆಟ್ಟು ಒಂದೇ ಅನ್ನುವುದನ್ನು ಅವಳು ಗಮನಿಸಿದ್ದಾಳೆ. ಆ ಮೂಲೆಯನ್ನು ನಾನು ಎಷ್ಟು ಸಲ ತಿದ್ದಿದ್ದೆ ಗೊತ್ತಾ?

ಒಂದು ಫೇವರ್. ಅವಳು ಹಾಳೆ ಹಿಡಿದುಕೊಂಡಿರುವ ಒಂದು ಫೋಟೋ ಸಿಗುತ್ತಾ? ಮುಖ ಬೇಡ, ಕೈ ಸಾಕು.

ಅಕ್ಟೋಬರ್ ಕೊನೆಗೆ ಕಛ್‌ಗೆ ಸ್ಟಡಿ ಟ್ರಿಪ್ ಇದೆ, ಹಾಗೇ ದೀಪಾವಳಿ ರಜೆ ಸೇರಿಕೊಳ್ಳುತ್ತೆ. ಊರಿಗೆ ಬರುವುದಿಲ್ಲ, ಬೈಯಬೇಡ.

ನಿಸರ್ಗ


ಹಾಲ್ಕುರಿಕೆ
೧೮ ಅಕ್ಟೋಬರ್ ೨೦೨೪

ಪ್ರೀತಿಯ ನಿಸರ್ಗ,

ಫೋಟೋ ಆಗುವುದಿಲ್ಲ. ಅವಳ ಕೈಯೂ ಈ ಊರಿನಲ್ಲಿ ಎಲ್ಲರಿಗೂ ಗುರುತು.

ನೀನು ಬರೆದದ್ದನ್ನು ಅವಳಿಗೆ ಹೇಳಿದೆ. ಗಂಡನ ಸಹಿ ಬೇಡ ಅಂದಾಗ ಸೂಜಿಗೆ ದಾರ ಪೋಣಿಸುತ್ತಾ ಕೂತಳು. ಅವಳ ಸಂಗತಿ ನಿನಗೆ ಸ್ವಲ್ಪ ಹೇಳುತ್ತೇನೆ. ಎರಡು ಹೆಣ್ಣುಮಕ್ಕಳು. ಚಿಕ್ಕದು ಇನ್ನೂ ಗೋಡೆ ಹಿಡಿದು ನಿಲ್ಲುತ್ತಿದೆ. ಅದು ಆಪರೇಷನ್ ಹೆರಿಗೆ, ಆಗ ಹೊಲಿಗೆ ಕೀವಾಗಿ ಮತ್ತೆ ಬಿಚ್ಚಿ ಹಾಕಿದ್ದರು. ಮೂರು ವರ್ಷ ಬಸಿರಾಗಬಾರದು ಅಂತ ಡಾಕ್ಟರು ಗಂಡನ ಮುಂದೆಯೇ ಹೇಳಿ ಕಳಿಸಿದ್ದರು. ಅವನು ತಲೆಯಾಡಿಸಿ ಬಂದ. ತಲೆಯಾಡಿಸಿದ್ದು ಅಷ್ಟೇ.

ಅತ್ತೆಗೆ ಮೊನ್ನೆ ಗೊತ್ತಾಯಿತು. ಅವತ್ತಿನಿಂದ ತಲೆಯ ಮೇಲೆ ಹೊತ್ತುಕೊಂಡು ಮೆರೆಸುತ್ತಿದ್ದಾರೆ. 'ಈ ಸತಿ ಮಕದ ಕಳೆನೇ ಬ್ಯಾರೆ ಕಣೇ, ಗಂಡು' ಅಂತ ತುಪ್ಪ ಬಡಿಸುತ್ತಾರೆ. ಕೆಟ್ಟವರಲ್ಲ ಅವರು. ಆದರೆ ಬೀದಿ ದಾಟಲೂ ಜೊತೆಗೆ ಬರುತ್ತಾರೆ. ತಿಪಟೂರಿಗೆ ಒಬ್ಬಳೇ ಹೋಗುತ್ತೇನೆ ಅಂದರೆ ಯಾಕೆ, ನಾನೂ ಬರುತ್ತೇನೆ ಅನ್ನುತ್ತಾರೆ.

ಅದಕ್ಕೇ ಅವಳು ದೀಪಾವಳಿಗೆ ಕಾಯುತ್ತಿದ್ದಾಳೆ. ಪಾಡ್ಯ ಕಳೆದ ಮೇಲೆ ಸೊಸೆಯನ್ನು ತವರಿಗೆ ಕಳಿಸಲೇಬೇಕಲ್ಲ, ಅದಕ್ಕೆ ಯಾವ ಅತ್ತೆಯೂ ಇಲ್ಲ ಅನ್ನುವ ಹಾಗಿಲ್ಲ. ದಾರಿಯಲ್ಲೇ ತಿಪಟೂರು. ತೋರಿಸಿಕೊಂಡು, ಮುಗಿಸಿಕೊಂಡು, ತವರಿನಲ್ಲಿ ಮಲಗಿದ್ದು, ಹೋಯ್ತು ಅಂದುಬಿಡುವುದು. ಬಸಿರು ಹೋಗುವುದು ಯಾರಿಗೆ ಹೊಸದು? ನಾಲ್ಕು ದಿನ ಅಳುತ್ತಾರೆ.

ಈಗ ಅವಳಿಗೆ ನಾಲ್ಕು ತುಂಬಿ ಐದರಲ್ಲಿ ಬಿದ್ದಿದೆ. ಹೊಂಬಾಳೆ ಒಡೆದು ಎಳನೀರಾಗಲು ಏಳು ತಿಂಗಳು, ಹಾಗಾಗಿ ಆತುರವಿಲ್ಲ ಅಂತ ಶಿವರುದ್ರಮ್ಮನೂ ಅಂದಳು. ನಿನ್ನ ಹಾಳೆ ಇಲ್ಲದಿದ್ದರೆ ಅವಳು ಇಷ್ಟು ಹೊತ್ತಿಗೆ ಯಾವುದಾದರೂ ಬೇರು ಅರೆದು ಕುಡಿದಿರುತ್ತಿದ್ದಳು. ಈಗ ರಾತ್ರಿ ನಿದ್ದೆ ಬರುತ್ತೆ ಅಂದಳು. ಇದನ್ನು ನಿನ್ನ ಮೇಡಂಗೆ ಹೇಳು, ಮಾರ್ಕ್ಸ್ ಕೊಡಲಿ.

ಅಂಬಿಕಾ


ಪುಣೆ
೧೦ ನವೆಂಬರ್ ೨೦೨೪

ಅಕ್ಕ,

ಟ್ರಿಪ್ ಮುಗಿಸಿ ನಿನ್ನೆ ಬಂದೆ. ಹಾಸ್ಟೆಲಿನ ಗೂಡಿನಲ್ಲಿ ನಿನ್ನ ಕಾಗದ ಕೂತಿತ್ತು. ಎಷ್ಟು ದಿನದಿಂದ ಕೂತಿತ್ತೋ.

ಏಳು ತಿಂಗಳಲ್ಲ ಅಕ್ಕ. ಇಪ್ಪತ್ತು ವಾರ. ಕೊನೆಯ ಮುಟ್ಟಿನಿಂದ ಇಪ್ಪತ್ತು ವಾರ, ಅಂದರೆ ಐದು ತಿಂಗಳೂ ಪೂರ್ತಿ ಇಲ್ಲ. ಎಳನೀರಿನ ಹಸಿರು ಅಂದರೆ ಅಷ್ಟೇ. ಅಲ್ಲಿಯವರೆಗೆ ಒಬ್ಬ ಡಾಕ್ಟರು ಸಾಕು, ಅವಳ ಹೊಲಿಗೆಯ ಕಾರಣವೂ ಸಾಕು. ಬಲಿತ ಕಾಯಿಯ ಹಳದಿ ಅಂದರೆ ಇಪ್ಪತ್ನಾಲ್ಕು ವಾರ. ಅದಕ್ಕೆ ಇಬ್ಬರು ಡಾಕ್ಟರು ಬೇಕು, ಅದೂ ಎಲ್ಲರಿಗೂ ಇಲ್ಲ. ಅತ್ಯಾಚಾರವಾದವರು, ಹದಿನೆಂಟು ತುಂಬದವರು, ನಡುವೆ ಗಂಡ ಸತ್ತವರು, ಬಿಟ್ಟವರು, ಅಂಗವಿಕಲರು, ಮಗುವಿಗೆ ದೊಡ್ಡ ತೊಂದರೆ ಇರುವವರು, ಇಂಥವರಿಗೆ. ಎರಡು ಹೆಣ್ಣಿದೆ, ಹೊಲಿಗೆ ಹಸಿಯಿದೆ ಅನ್ನುವುದು ಅದರಲ್ಲಿಲ್ಲ. ಮೂರು ಸಲ ಓದಿದೆ, ಇಲ್ಲ.

ಇಂಗ್ಲಿಷಿನ ಒಂದು ಆ್ಯಪ್ ಇದೆ. ಮಗು ಯಾವ ವಾರಕ್ಕೆ ಯಾವ ಹಣ್ಣಿನಷ್ಟು ದೊಡ್ಡದು ಅಂತ ತೋರಿಸುತ್ತೆ. ಈ ವಾರ ನಿಂಬೆ, ಆ ವಾರ ಮಾವು. ನಾನು ಹಣ್ಣು ತೆಗೆದು ತೆಂಗು ಇಟ್ಟೆ. ಗಾತ್ರ ನೋಡಿದೆ, ಕಾಲ ನೋಡಲಿಲ್ಲ. ಹೊಂಬಾಳೆ ಒಡೆದು ಎಳನೀರಾಗಲು ಎಷ್ಟು ತಿಂಗಳು ಅಂತ ನನಗೆ ಗೊತ್ತೇ ಇರಲಿಲ್ಲ. ತೋಟ ನನಗೆ ರಜೆಯ ಫೋಟೋ. ಶಿವರುದ್ರಮ್ಮ 'ಅಷ್ಟ್ ದಿನ ಬುಡ್ತಾರಾ' ಅಂದಾಗಲೇ ಗೊತ್ತಾಗಬೇಕಿತ್ತು. ಅದನ್ನು ಸ್ಲೈಡಿನಲ್ಲಿ ಹಾಕಿ ನಗಿಸಿದೆ.

ಕಾಗದ ಓದಿದ ತಕ್ಷಣ ಫೋನ್ ಮಾಡಿದೆ. ನಿನ್ನ ಅತ್ತೆ ಎತ್ತಿದರು. 'ಯಾರು, ಪುಣೆ ಹುಡುಗೀನಾ? ನಿಮ್ಮಕ್ಕ ಮಲಗವ್ಳೆ ಕಣಮ್ಮ. ತವರಿಂದ ಬಂದಾಗಿಂದ ಸುಸ್ತು. ಇನ್ಮೇಲೆ ಹೊಲಿಗೆ ಗಿಲಿಗೆ ಏನೂ ಇಲ್ಲ, ರೆಸ್ಟು. ಈ ಸತಿ ಗಂಡೇ ನೋಡ್ತಿರು. ಏನ್ ಅರ್ಜೆಂಟು? ನಂತಾವ ಹೇಳು, ನಾನೇ ಹೇಳ್ತೀನಿ.'

'ಏನಿಲ್ಲ ಆಂಟಿ, ಹ್ಯಾಪಿ ದೀಪಾವಳಿ' ಅಂದೆ.

ಅಕ್ಕ, ಕೆಂಕೆರೆಯವಳು ಅಂತ ಯಾರೂ ಇಲ್ಲ, ಅಲ್ವಾ?

ನಿಸರ್ಗ


ಹಾಲ್ಕುರಿಕೆ
೨೧ ನವೆಂಬರ್ ೨೦೨೪

ನಿಸರ್ಗ,

ಇಲ್ಲ. ನಾನೇ.

ನಾನು ಅಂದಿದ್ದರೆ ನೀನು ಹೆದರಿ ನಿಮ್ಮಮ್ಮನಿಗೆ ಹೇಳುತ್ತಿದ್ದೆ, ಚಿಕ್ಕಮ್ಮ ನಮ್ಮಮ್ಮನಿಗೆ, ಅಮ್ಮ ಅಳುತ್ತಾ ನನ್ನ ಅತ್ತೆಗೆ. ಅದಕ್ಕೇ ಕೆಂಕೆರೆಯವಳನ್ನು ಮಾಡಿದೆ. ನಿಜ ಹೇಳಬೇಕೆಂದರೆ ಅವಳ ಹೆಸರಿನಲ್ಲಿ ಬರೆಯುವುದು ಸುಲಭವಾಗಿತ್ತು. ಬೇರೆಯವಳ ಸಂಕಟ ಅಂದರೆ ಒಂದೇ ಸಲಕ್ಕೆ ಬರೆದು ಮುಗಿಸಬಹುದು.

ಪಾಡ್ಯ ಕಳೆದ ಸೋಮವಾರ ತಿಪಟೂರಿಗೆ ಹೋದೆ. ಜೊತೆಗೆ ಶಿವರುದ್ರಮ್ಮ, ಲೈನಿಂಗ್ ಬಟ್ಟೆ ತರುವ ನೆಪ ಹೇಳಿ. ಹಾಳೆ ಮಡಿಸಿ ಕುಪ್ಪಸದೊಳಗೆ ಇಟ್ಟುಕೊಂಡಿದ್ದೆ. ಲೇಡಿ ಡಾಕ್ಟರು ಒಳ್ಳೆಯವರು. ಸ್ಕ್ಯಾನ್ ಮಾಡಿ, ಕೈ ತೊಳೆದುಕೊಂಡು ಬಂದು ಕೂತು, 'ಇಪ್ಪತ್ತು ವಾರ ದಾಟೋಗಿದೆ ಕಣಮ್ಮ. ಹೋದ ತಿಂಗಳು ಬಂದಿದ್ರೆ ಮಾಡ್ತಿದ್ದೆ. ಈಗ ಮಾಡಿದ್ರೆ ನಾನು ಜೈಲಿಗೆ' ಅಂದರು. ನಾನು ಹಾಳೆ ತೆಗೆದು ಮೇಜಿನ ಮೇಲೆ ಬಿಡಿಸಿದೆ. ಎಳನೀರಿನವರೆಗೆ ಹಸಿರಿದೆಯಲ್ಲ ಮೇಡಂ ಅಂದೆ. ಅವರು ಹಾಳೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. 'ಯಾರು ಬರೆದಿದ್ದು? ಚೆನ್ನಾಗಿದೆ' ಅಂದರು.

ಶಿವರುದ್ರಮ್ಮ ಬಿಡಲಿಲ್ಲ. 'ಎಳ್ನೀರು ಐದ್ ತಿಂಗ್ಳಿಗೆ ಎಲ್ ಆಗ್ತದ್ರವ್ವ? ಐದ್ ತಿಂಗ್ಳಿಗೆ ಕಿತ್ರೆ ಒಗರು ನೀರು, ದನಾನೂ ಕುಡಿಯಲ್ಲ. ನೀವು ತೋಟ ನೋಡಿಲ್ವಾ?' ಡಾಕ್ಟರು ನಕ್ಕುಬಿಟ್ಟರು, ಪಾಪ. ಆಮೇಲೆ ನನ್ನ ಹೊಲಿಗೆಯ ಮೇಲೆ ಕೈ ಇಟ್ಟು ನೋಡಿ ನಗು ನಿಲ್ಲಿಸಿದರು. ಗರ್ಭಕೋಶದ ಗೋಡೆ ತೆಳ್ಳಗಾಗಿದೆ, ಈಗಲೇ ಪ್ರಾಣಕ್ಕೆ ಅಪಾಯ ಅಂತ ಬರೆದುಕೊಡಲು ಬರುವುದಿಲ್ಲ, ಆದರೆ ಎಂಟು ತುಂಬುವ ಮೊದಲೇ ತುಮಕೂರಿನ ದೊಡ್ಡ ಆಸ್ಪತ್ರೆಗೆ ಸೇರಿಸಬೇಕು, ಮನೆಯಲ್ಲಿ ನೋವು ಬರುವ ತನಕ ಕಾಯಬಾರದು ಅಂತ ಹೇಳಿದರು. ಮನೆಯಲ್ಲಿ ಹೇಳು ಅಂದರು. ಆಸ್ಪತ್ರೆಗೆ ಯಾಕೆ ಹೋಗಿದ್ದೆ ಅಂತ ಕೇಳಿದರೆ ಏನು ಹೇಳಲಿ? ಹೇಳಿಲ್ಲ.

ತವರಿಗೆ, ಸಂಪಿಗೆಗೆ ಹೋಗಿ ಹಬ್ಬದ ಊಟ ಉಂಡು ಬಂದೆ.

ನಿನ್ನ ಕಾಗದವನ್ನು ಹೋದ ಶನಿವಾರ ಶಿವರುದ್ರಮ್ಮ ತಂದುಕೊಟ್ಟಳು. ನಿನ್ನ ಹಾಳೆಯನ್ನು ಮತ್ತೆ ನೋಡಿದೆ. ಅದರಲ್ಲಿ ತಪ್ಪಿಲ್ಲ ನಿಸರ್ಗ. ತೆಂಗು ಗೊತ್ತಿಲ್ಲದ ಊರಿನಲ್ಲಿ ಅಂಟಿಸಿದ್ದರೆ ಸರಿಯಾಗಿಯೇ ಕೆಲಸ ಮಾಡುತ್ತಿತ್ತು. ನಮಗೆ ಮಾತ್ರ ಅದು ಸುಳ್ಳು. ಅದನ್ನು ಪ್ರಿಂಟ್ ಮಾಡಲು ಬಿಡಬೇಡ.

ನಾನಿನ್ನು ಮಠದ ಬೀದಿಗೆ ಹೋಗುವ ಹಾಗಿಲ್ಲ. ಶಿವರುದ್ರಮ್ಮ ಫಾಲ್ ಹಚ್ಚಿದ ಸೀರೆ ಕೊಡಲು ಬಂದಿದ್ದಾಳೆ, ಅತ್ತೆ ಅವಳಿಗೆ ಕಾಫಿ ಕಾಯಿಸುತ್ತಿದ್ದಾರೆ. ಅಷ್ಟರಲ್ಲಿ ಇದನ್ನು ಮುಗಿಸಬೇಕು. ದೊಡ್ಡವಳು ನನ್ನ ಪಕ್ಕದಲ್ಲೇ ಕೂತು ನಿನ್ನ ಹಾಳೆಯ ಹಿಂಬದಿಯಲ್ಲಿ ಮನೆ ಬರೆಯುತ್ತಿದ್ದಾಳೆ. ಬಾಗಿಲು ಇಡುವುದನ್ನು ಯಾವಾಗಲೂ ಮರೆಯುತ್ತಾಳೆ.

ಅಂಬಿಕಾ


ಪುಣೆ
೬ ಜನವರಿ ೨೦೨೫

ಪ್ರೀತಿಯ ಅಂಬಿಕಕ್ಕ,

ಮತ್ತೆ ಬರೆಯುತ್ತಿದ್ದೇನೆ, ಕ್ಷಮಿಸು. ನವೆಂಬರಿನಿಂದ ನಾನು ಹಾಕಿದ ಯಾವ ಕಾಗದಕ್ಕೂ ನಿನ್ನಿಂದ ಉತ್ತರವಿಲ್ಲ. ಅವು ಶಿವರುದ್ರಮ್ಮನ ಅಂಗಡಿಯಲ್ಲೇ ಬಿದ್ದಿವೆಯೋ, ನೀನು ಓದಿ ಸುಮ್ಮನಿದ್ದೀಯೋ ಗೊತ್ತಾಗುತ್ತಿಲ್ಲ. ಇಪ್ಪತ್ತು ವಾರ ದಾಟಿದರೂ ಅನುಮತಿ ಕೇಳಿ ಕೋರ್ಟಿಗೆ ಹೋಗಬಹುದು ಅಂತ ಒಂದರಲ್ಲಿ ಬರೆದಿದ್ದೆ. ಇಲ್ಲಿಯ ವಕೀಲರೊಬ್ಬರನ್ನು ಕೇಳಿದ್ದೆ. ಅವರು, ಅವಳು ಬಂದು ಸಹಿ ಹಾಕಬೇಕು ಅಂದರು. ಬೀದಿ ದಾಟಲಾಗದವಳು ಅಂತ ಹೇಳಿದೆ. ಅವರು ಕಾರ್ಡು ಕೊಟ್ಟು ಕಳಿಸಿದರು. ಆ ದಿನಗಳೂ ಈಗ ಕಳೆದುಹೋದವು.

ಹಾಳೆಯ ಪ್ರಿಂಟ್ ನಿಲ್ಲಿಸಿ ಅಂತ ನಿನ್ನ ಕಾಗದ ಬಂದ ದಿನವೇ ಸಂಸ್ಥೆಯವರಿಗೆ ಹೇಳಿದೆ. ಆಗಲೇ ಮೂರು ತಾಲೂಕಿಗೂ ಹೋಗಿಬಿಟ್ಟಿತ್ತು. ವಾಪಸ್ ತರಿಸಿ ಅಂದೆ. ಅದು ಹೇಗೆ ಸಾಧ್ಯ ಅಂದರು. ಮೇಡಂ ಮುಂದೆ ಅತ್ತುಬಿಟ್ಟೆ. ಅವರು ನೀರು ಕೊಟ್ಟು, ಸೆಕೆಂಡ್ ಎಡಿಷನ್‌ನಲ್ಲಿ ಸರಿ ಮಾಡು, ಡಿಸೈನ್ ಅಂದರೇ ಕಲಿಕೆ ಅಂದರು.

ಹೋದ ಸೋಮವಾರ ನಿನ್ನ ಏಳು ತಿಂಗಳ ಮಡಿಲು ತುಂಬುವುದಕ್ಕೆ ಅಮ್ಮ ಬಂದಿದ್ದಳಲ್ಲ, ರಾತ್ರಿ ಫೋನ್ ಮಾಡಿದಳು. 'ಅಂಗನವಾಡಿ ಗೋಡೆ ಮೇಲೆ ನಿನ್ನ ಚಿತ್ರ ಅಂಟಿಸವ್ರೆ ಕಣೇ! ಕೆಳಗೆ ಸಣ್ಣಕ್ಷರದಾಗೆ ನಿನ್ನ ಹೆಸರೂ ಐತೆ. ಏನ್ ಚಿತ್ರವೋ ಗೊತ್ತಾಗ್ಲಿಲ್ಲ, ತೆಂಗಿನಕಾಯಿ ಚೆಂದ ಬರ್ದಿದ್ದೀಯ.' ಇಡೀ ಹಾಳೆಯಲ್ಲಿ ಅಕ್ಷರ ಅಂತ ಇರುವುದು ನನ್ನ ಹೆಸರೊಂದೇ.

ನಿನ್ನ ಬಗ್ಗೆ ಕೇಳಿದೆ. ಹಸಿರು ಸೀರೆ ಉಟ್ಟಿದ್ದೆಯಂತೆ. ಮಡಿಲು ಹಿಡಿಸಲಾರದಷ್ಟು ಕಾಯಿ ತುಂಬಿದರಂತೆ. 'ಹೊಟ್ಟೆ ಹಿಡ್ಕೊಂಡೇ ಕೂತಿದ್ಲು. ಹೊಲಿಗೆ ಎಳೀತದೆ ಚಿಕ್ಕಮ್ಮ ಅಂದ್ಲು. ಅವರತ್ತೆ, ಮೊದಲ್ನೇ ಬಸ್ರಿನಾ ನೀನು, ಎಲ್ರಿಗೂ ಎಳೀತದೆ ಬುಡು ಅಂದ್ರು. ನಾವೆಲ್ಲ ನಕ್ವಿ.' ಆಮೇಲೆ ಅಮ್ಮ ಹೇಳಿದಳು, ನೀನು ಕೇಳಿದ್ದು ಒಂದೇ ಮಾತಂತೆ, ನಿಸರ್ಗ ಊಟ ಸರಿಯಾಗಿ ಮಾಡ್ತಾಳಾ ಅಂತ.

ನನ್ನ ಹಾಳೆಯ ಪ್ರಕಾರ ನೀನು ಈಗ ಎಳನೀರಿಗೆ ಬಂದಿದ್ದೀಯ. ಇನ್ನೂ ಹಸಿರು.

ಎಂಟು ತುಂಬುವ ಮೊದಲು ತುಮಕೂರು ಅಂತ ಡಾಕ್ಟರು ಹೇಳಿದ್ದನ್ನು ಅಮ್ಮನಿಗೆ ಹೇಳಿಬಿಟ್ಟೆ ಅಕ್ಕ. ನಿನ್ನನ್ನು ಕೇಳದೆ ಹೇಳಿದೆ. ಅಮ್ಮ ನಂಬಲಿಲ್ಲ. ಪುಣೆಯಲ್ಲಿ ಕೂತು ನಿನಗೆ ಹೇಗೆ ಗೊತ್ತು ಅಂದಳು. ಗೊತ್ತಾದ ದಾರಿ ಹೇಳಿದರೆ ನೀನು ಯಾಕೆ ಹೋಗಿದ್ದೆ ಅಂತಲೂ ಹೇಳಬೇಕಿತ್ತು. ಯಾರೋ ಕರೆಯುತ್ತಿದ್ದಾರೆ ಅಂತ ಹೇಳಿ ಫೋನ್ ಇಟ್ಟೆ. ಹೇಳು ಅಂತ ನೀನು ಒಂದು ಮಾತು ಬರೆದರೆ ಎಲ್ಲವನ್ನೂ ಹೇಳುತ್ತೇನೆ, ಭಾವನಿಗೆ, ನಿನ್ನ ಅತ್ತೆಗೆ, ಯಾರಿಗೆ ಬೇಕಾದರೂ. ಬೇಡ ಅಂದರೆ ಬೇಡ. ನೀನು ಹೇಳದೆ ನಾನು ಯಾವುದನ್ನು ಮಾಡಿದರೂ ಅದು ಇನ್ನೊಂದು ಹಾಳೆಯ ಹಾಗೇ ಆಗುತ್ತೆ ಅನ್ನಿಸುತ್ತೆ.

ಹೊಸ ಚಿತ್ರ ಮಾಡಿದ್ದೇನೆ. ತೆಂಗು ತೆಗೆದು ಹುಣ್ಣಿಮೆ ಬರೆದಿದ್ದೇನೆ. ಕೊನೆಯ ಮುಟ್ಟು ಆದಮೇಲೆ ನಾಲ್ಕು ಹುಣ್ಣಿಮೆಯವರೆಗೆ ಹಸಿರು, ಆಮೇಲಿಲ್ಲ. ಸರಿಯಿದೆಯೋ ಇಲ್ಲವೋ ಗೊತ್ತಿಲ್ಲ, ಯಾರಿಗೂ ತೋರಿಸಿಲ್ಲ. ಶಿವರುದ್ರಮ್ಮ ಇದನ್ನು ನಿನಗೆ ತಲುಪಿಸಿದರೆ ಅವರಿಗೆ ಒಂದು ಮಾತು ಹೇಳು: ಅಂಗನವಾಡಿ ಗೋಡೆಯದನ್ನು ಹರಿದು ಹಾಕಲಿ. ಕಂಡ ಕಡೆಯೆಲ್ಲ ಹರಿದು ಹಾಕಲಿ.

ಊಟ ಮಾಡುತ್ತಿದ್ದೇನೆ. ಅನ್ನವೂ ಸಿಗುತ್ತೆ.

ಹೊಲಿಗೆ ಹೇಗಿದೆ, ಹೇಳಲೋ ಬೇಡವೋ, ಎರಡೇ ಸಾಲು ಸಾಕು. ಬೇಗ ಬರಿ ಅಕ್ಕ.

ನಿನ್ನ
ನಿಸರ್ಗ